ಸೋಡಾ ಬಿಟ್ಟ ಮೇಲೆ ಏನು ಕುಡಿಯೋದು? ಆಪರೇಷನ್‌ಗೆ ಮುಂಚೆ ಗೆದ್ದದ್ದು ಬೇರೆ, ಆಮೇಲೆ ಗೆದ್ದದ್ದು ಬೇರೆ

ಸೋಡಾಗೆ ಬದಲಿ ಹುಡುಕುವವರು ಸಾಮಾನ್ಯವಾಗಿ ರುಚಿ ನೋಡಿ ಮಾರ್ಕ್ಸ್ ಕೊಡುತ್ತಾರೆ. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳುವವರಿಗೆ ಅದಷ್ಟೇ ಸಾಲದು. ಆಪರೇಷನ್‌ಗೆ ಮುಂಚೆ ಮಾರ್ಕ್ಸ್ ಕೊಡೋದು ನಾಲಿಗೆ, ಆಮೇಲೆ ಕೊಡೋದು ಹೊಟ್ಟೆ. ಎರಡಕ್ಕೂ ಒಂದಕ್ಕೊಂದು ಆಗಿಬರೋದೇ ಇಲ್ಲ. ಹೆಚ್ಚುಕಮ್ಮಿ ಅವೇ ಪಾನೀಯಗಳನ್ನು ನಾನು ಎರಡೂ ಹಂತದಲ್ಲಿ ಕುಡಿದು ನೋಡಿದ್ದೇನೆ. ಮುಂಚೆ ಇಷ್ಟವಾದ ಕೆಲವನ್ನು ಆಮೇಲೆ ಗುಟುಕೂ ಕುಡಿಯಲಾಗಲಿಲ್ಲ. ಮುಂಚೆ ಮೂಗು ಮುರಿದಿದ್ದೇ ಆಮೇಲೆ ಕೈ ಹಿಡಿಯಿತು. ನನ್ನದು ಸ್ಲೀವ್ ಆಪರೇಷನ್, ಅಂದರೆ ಜಠರವನ್ನು ಕತ್ತರಿಸಿ ಸಣ್ಣ ಕೊಳವೆಯಷ್ಟು ಮಾಡುವುದು. ಬೈಪಾಸ್ (ಹೃದಯದ್ದಲ್ಲ, ಜಠರದ ಮೇಲ್ಭಾಗದಲ್ಲಿ ಚಿಕ್ಕ ಚೀಲ ಮಾಡಿ ಅದನ್ನು ನೇರ ಕರುಳಿಗೆ ಜೋಡಿಸುವ ಆಪರೇಷನ್) ಆದವರಿಗೆ ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲಿ ಹೇಳುತ್ತಾ ಹೋಗುತ್ತೇನೆ.

ಸೋಡಾದಲ್ಲಿ ತಕರಾರು ಮೂರು: ಸಕ್ಕರೆ, ಗ್ಯಾಸ್, ಕೆಫೀನ್. 330 ಮಿಲಿಯ ಒಂದು ಕೋಲಾ ಕ್ಯಾನ್‌ನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ 140 ಕ್ಯಾಲೊರಿ ಆಸುಪಾಸು. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಗ್ಯಾಸಿನ ಲೆಕ್ಕ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅದೇ ಕ್ಯಾನ್‌ನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡ್ ಪೂರ್ತಿ ಹೊರಬಂದರೆ ಒಂದು ಲೀಟರಿಗೂ ಮೀರಿ ಜಾಗ ಬೇಕು. ಸ್ಲೀವ್ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತೆಗೆದುಬಿಡುತ್ತಾರೆ. ಉಳಿಯೋದು 100ರಿಂದ 150 ಮಿಲಿ ಹಿಡಿಯುವ ಒಂದು ಕೊಳವೆ. ಬೈಪಾಸ್‌ನಲ್ಲಂತೂ ಮೇಲೆ ಮಾಡುವ ಚಿಕ್ಕ ಚೀಲ ಶುರುವಿನಲ್ಲಿ ಸುಮಾರು 30 ಮಿಲಿ ಅಷ್ಟೇ. ಅದರೊಳಗೆ ಗ್ಯಾಸ್ ಬಿಟ್ಟರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಸೋಡಾ ಕುಡಿದರೆ ಚೀಲ ಹಿಗ್ಗಿಹೋಗುತ್ತದೆ ಅಂತ ಹೆದರಿಸುವವರು ತುಂಬಾ ಜನ. ಆ ಮಾತಿಗೆ ಗಟ್ಟಿ ಪುರಾವೆ ಕಮ್ಮಿ. ಆದರೆ ಉಬ್ಬರ, ಒತ್ತಡ, ನೋವು ಇವು ಮಾತ್ರ ನಿಜ.

ಹಾಗಾದರೆ ಸೋಡಾ ಬಿಟ್ಟಾಗ ನಾವು ನೆನೆಸಿಕೊಳ್ಳೋದು ಏನನ್ನು? ಸಿಹಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಅದು ಆ ಚುರುಕು. ನಾಲಿಗೆಯ ಹುಳಿ ಗುರುತಿಸುವ ಕೋಶಗಳ ಮೇಲೆ ಒಂದು ಕಿಣ್ವ ಇದೆ. ಸೋಡಾದ ಗ್ಯಾಸನ್ನು ಅದು ಆಮ್ಲ ಮಾಡುತ್ತದೆ, ಆ ಆಮ್ಲ ನಾಲಿಗೆಗೆ ತಾಗುತ್ತದೆ. ಇದನ್ನು 2009ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಅಂದರೆ ಗುಳ್ಳೆ ಒಡೆಯೋದು ಒಂದೇ ಅಲ್ಲ, ಹುಳಿಯೂ ಅದರಲ್ಲಿ ಸೇರಿದೆ. ಇದು ಗೊತ್ತಾದ ಮೇಲೆ ನಾನು ಸಿಹಿ ಬದಲಿಗಳ ಹಿಂದೆ ಓಡೋದು ಬಿಟ್ಟು ಹುಳಿ, ಖಾರ, ತಣ್ಣಗೆ ಈ ಮೂರರ ಕಡೆ ತಿರುಗಿದೆ.

ಆಪರೇಷನ್‌ಗೆ ಮುಂಚೆ

ಮೊದಲು ಡಯಟ್ ಸೋಡಾ. ಸಕ್ಕರೆ ಇಲ್ಲ, ನಾಲಿಗೆಗೆ ಪೂರಾ ಸಮಾಧಾನ. ಆದರೆ ಗ್ಯಾಸ್ ಹಾಗೇ ಇದೆ, ಕೆಫೀನ್ ಹಾಗೇ ಇದೆ, ಮುಖ್ಯವಾಗಿ ಕ್ಯಾನ್ ತೆರೆಯುವ ಚಟ ಹಾಗೇ ಇದೆ. ಆಪರೇಷನ್‌ಗೆ ಇನ್ನೂ ತಿಂಗಳುಗಟ್ಟಲೆ ಸಮಯ ಇದ್ದವರಿಗೆ ಇದು ಮೊದಲ ಮೆಟ್ಟಿಲಾಗಿ ಸರಿ. ಅದರ ಮೇಲೇ ನಿಂತುಬಿಟ್ಟರೆ ಉಪಯೋಗ ಇಲ್ಲ.

ಬರೀ ಗ್ಯಾಸ್ ನೀರು, ಅಂದರೆ ಸಿಹಿ ಇಲ್ಲದ ಸ್ಪಾರ್ಕ್ಲಿಂಗ್ ವಾಟರ್, ಮುಂಚಿನ ಹಂತದಲ್ಲಿ ನನ್ನ ಅಚ್ಚುಮೆಚ್ಚು. ಅದಕ್ಕೆ ನಿಂಬೆರಸ ಹಿಂಡಿದರೆ ಸೋಡಾ ಬೇಕು ಅನ್ನೋ ಹಂಬಲ ಮುಕ್ಕಾಲು ಪಾಲು ಇಳಿಯುತ್ತಿತ್ತು. ಸಕ್ಕರೆ ಮತ್ತು ಕೆಫೀನ್ ಎರಡನ್ನೂ ಒಂದೇ ಏಟಿಗೆ ಬಿಡಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಗಲಿಲ್ಲ. ಕೆಫೀನ್ ಬಿಡುವಾಗ ಒಂದು ಎಚ್ಚರಿಕೆ: ಒಮ್ಮೆಲೇ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗಬಹುದು, ಒಂದು ವಾರದವರೆಗೂ ಕಾಡಬಹುದು. ಆಪರೇಷನ್ ಮುಗಿಸಿ ಮಲಗಿದ್ದಾಗ ಆ ತಲೆನೋವೂ ಯಾಕೆ? ಮುಂಚೆಯೇ ಸ್ವಲ್ಪ ಸ್ವಲ್ಪವಾಗಿ ಇಳಿಸಿಕೊಂಡುಬಿಡಿ.

ಗ್ಯಾಸ್ ಹೋಗಲಿ ಅಂತ ಸೋಡಾವನ್ನು ತೆರೆದಿಟ್ಟು ಕುಡಿಯುವವರಿದ್ದಾರೆ. ನಾನೂ ಕುಡಿದು ನೋಡಿದೆ. ಬೆಚ್ಚಗಿನ ಸಕ್ಕರೆ ಪಾನಕ, ಅಷ್ಟೇ. ಮುಂದಕ್ಕೆ ಹೋಗೋಣ.

ಹಣ್ಣಿನ ಜ್ಯೂಸ್ ಆರೋಗ್ಯಕ್ಕೆ ಒಳ್ಳೇದು ಅನ್ನೋ ನಂಬಿಕೆ ಗಟ್ಟಿಯಾಗಿದೆ. 100 ಮಿಲಿ ಕಿತ್ತಳೆ ಜ್ಯೂಸಿನಲ್ಲಿ 8–10 ಗ್ರಾಂ ಸಕ್ಕರೆ ಇರುತ್ತದೆ. ಕೋಲಾದಲ್ಲಿ 10 ಚಿಲ್ಲರೆ. ದೊಡ್ಡ ವ್ಯತ್ಯಾಸ ಏನೂ ಇಲ್ಲ. ಆಪರೇಷನ್‌ಗೆ ಮುಂಚೆ ಸಾಮಾನ್ಯವಾಗಿ ಎರಡು ವಾರ ಕಡಿಮೆ ಕ್ಯಾಲೊರಿ, ಕಡಿಮೆ ಪಿಷ್ಟದ ಡಯಟ್ ಕೊಡುತ್ತಾರೆ. ಲಿವರ್ ಕುಗ್ಗಲಿ, ಅದನ್ನು ಎತ್ತಿ ಹಿಡಿದು ಜಠರ ತಲುಪಲು ಸರ್ಜನ್‌ಗೆ ಸುಲಭವಾಗಲಿ ಅಂತ. ಆ ಎರಡು ವಾರ ಜ್ಯೂಸ್ ಕುಡಿದರೆ ಹಸಿವು ತಡೆದುಕೊಂಡಿದ್ದೆಲ್ಲ ದಂಡ.

ನನ್ನ ಪ್ರಕಾರ ಈ ಹಂತದಲ್ಲಿ ನಿಜವಾದ ಪೈಪೋಟಿ ಇದ್ದದ್ದು ಎರಡರ ನಡುವೆ: ಶುಂಠಿ–ನಿಂಬೆ ನೀರು ಮತ್ತು ತಣ್ಣಗಿನ ಹೈಬಿಸ್ಕಸ್ ಟೀ, ಅಂದರೆ ದಾಸವಾಳ ಜಾತಿಯ ಹೂವಿನ ಟೀ. ಶುಂಠಿಯನ್ನು ಜಜ್ಜಿ, ಬಿಸಿನೀರಿನಲ್ಲಿ ಹತ್ತು ನಿಮಿಷ ಮುಚ್ಚಿಟ್ಟು, ಸೋಸಿ, ಆರಿದ ಮೇಲೆ ನಿಂಬೆರಸ ಬೆರೆಸಿ ಫ್ರಿಜ್‌ನಲ್ಲಿಡಿ. ಕುಡಿದಾಗ ಗಂಟಲಿನ ಹಿಂಭಾಗದಲ್ಲಿ ಒಂದು ಸಣ್ಣ ಉರಿ ಹತ್ತುತ್ತದಲ್ಲ, ಅದು ಸೋಡಾದ ಚುರುಕಿಗೆ ತೀರಾ ಹತ್ತಿರ. ಹೈಬಿಸ್ಕಸ್ ಟೀ ಕಡುಗೆಂಪು, ಹುಳಿ, ಸ್ವಲ್ಪ ಒಗರು, ಕೆಫೀನ್ ಇಲ್ಲ. ನೋಡೋಕೂ ತಂಪು ಪಾನೀಯದ ಹಾಗೇ. ಅದು ಬಿಪಿ ಇಳಿಸಬಲ್ಲದು. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಒಂದು ಮಾತು ಕೇಳಿ. ನಾನು ಶುಂಠಿಗೆ ಒಂದು ಕೂದಲೆಳೆ ಜಾಸ್ತಿ ಮಾರ್ಕ್ಸ್ ಕೊಟ್ಟಿದ್ದೆ.

ಸೌತೆಕಾಯಿ ಹೋಳು ಹಾಕಿಟ್ಟ ನೀರಿಗೆ ಕೊನೆಯ ಸ್ಥಾನ. ತರಕಾರಿ ತೊಳೆದ ನೀರಿನ ಹಾಗಿತ್ತು.

ಆಪರೇಷನ್ ಆದ ಮೇಲೆ

ಇಲ್ಲಿ ಪಟ್ಟಿ ತಲೆಕೆಳಗಾಯಿತು.

ಮೊದಲ ದಿನಗಳಲ್ಲಿ ಕುಡಿಯೋದು ಔಷಧಿ ಅಳೆಯುವ 30 ಮಿಲಿಯ ಪುಟ್ಟ ಕಪ್‌ನಲ್ಲಿ. ಒಂದು ಕಪ್ ಮುಗಿಸಲು ಕಾಲು ಗಂಟೆ ಬೇಕು. ತುಟಿಗೆ ತಾಗಿಸಿ, ಬಾಯಲ್ಲಿ ಹಿಡಿದು, ಆಮೇಲೆ ನುಂಗಬೇಕು. ಗಟಗಟ ಅನ್ನೋ ಮಾತೇ ಇಲ್ಲ. ಆದರೆ ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್ ಒಳಗೆ ಹೋಗಬೇಕು ಅನ್ನೋ ಗುರಿ ತಲೆ ಮೇಲಿರುತ್ತದೆ. ಹೀಗಿರುವಾಗ ರುಚಿಗಿಂತ ದೊಡ್ಡ ಪ್ರಶ್ನೆ: ಇದು ಸಲೀಸಾಗಿ ಇಳಿಯುತ್ತದಾ?

ಬರೀ ನೀರು ಎಲ್ಲಕ್ಕಿಂತ ಸುಲಭ ಅಂತ ಅಂದುಕೊಂಡಿದ್ದೆ. ಇಲ್ಲ. ತಣ್ಣೀರು ಎದೆಯ ಕೆಳಗೆ ಕಲ್ಲಿನ ಹಾಗೆ ಕೂರುತ್ತಿತ್ತು. ಇದು ಬಹಳ ಜನ ಹೇಳುವ ದೂರು. ಆಗ ಗೆದ್ದದ್ದು ಯಾವುದು ಗೊತ್ತಾ? ಅದೇ ಸೌತೆಕಾಯಿ ನೀರು, ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟದ್ದು. ಹುಳಿ ಇಲ್ಲ, ಖಾರ ಇಲ್ಲ, ಸಿಹಿ ಇಲ್ಲ. ಮುಂಚೆ ಯಾವುದು ಸಪ್ಪೆ ಅನ್ನಿಸಿತ್ತೋ ಅದೇ ಈಗ ಅದರ ಗುಣವಾಯಿತು.

ಶುಂಠಿ–ನಿಂಬೆ ನೀರು ಕೆಳಗಿಳಿಯಿತು. ಸ್ಲೀವ್ ಆದವರಲ್ಲಿ ಎದೆಯುರಿ, ಹುಳಿತೇಗು ಸಾಮಾನ್ಯ. ಮೇಲೆ ನಿಂಬೆ ಸುರಿದರೆ ಕೇಳಬೇಕೇ? ಪುದೀನ ತಂಪು ಅಂತ ಹಾಕಿಕೊಂಡರೆ ಅದರದ್ದು ಬೇರೆ ರಗಳೆ. ಅದು ಅನ್ನನಾಳದ ಕೆಳಗಿನ ಕವಾಟವನ್ನು ಸಡಿಲ ಮಾಡುತ್ತದೆ, ಆಮ್ಲ ಮೇಲೇರುತ್ತದೆ. ಹೈಬಿಸ್ಕಸ್ ಟೀಯನ್ನು ಮೂರು ಪಾಲು ನೀರು ಬೆರೆಸಿ ತೆಳ್ಳಗೆ ಮಾಡಿದಾಗ ಒಪ್ಪಿತು. ಸೋಡಾ ನೆನಪಾದಾಗಲೆಲ್ಲ ಈಗಲೂ ಕೈ ಹೋಗೋದು ಅದಕ್ಕೇ. ಮಾಮೂಲಿ ಟೀ ಮತ್ತೆ ಶುರು ಮಾಡುವವರು ಐರನ್ ಮಾತ್ರೆಯಿಂದ ಎರಡು ಗಂಟೆಯಾದರೂ ದೂರ ಇಡಿ. ಟೀಯ ಒಗರು ಐರನ್ ಅನ್ನು ಮೈಗೆ ಹತ್ತಲು ಬಿಡುವುದಿಲ್ಲ.

ಸಕ್ಕರೆ ಇಲ್ಲದ ಫ್ಲೇವರ್ ಡ್ರಾಪ್ಸ್ ಮುಂಚೆ ಪರವಾಗಿಲ್ಲ ಅನ್ನಿಸಿದ್ದವು. ಆಮೇಲೆ ಬಾಟಲಿ ಮೇಲೆ ಬರೆದಷ್ಟು ಹಾಕಿದರೆ ಮುಖ ಕಿವುಚುವಷ್ಟು ಸಿಹಿ. ಆಪರೇಷನ್ ಆದ ಬಹಳ ಜನಕ್ಕೆ ಹೀಗೆ ನಾಲಿಗೆ ಬದಲಾಗುತ್ತದೆ. ಕಾಲು ಭಾಗ ಹಾಕಿದರೆ ಸಾಕು. ಲೇಬಲ್‌ನಲ್ಲಿ ಸಾರ್ಬಿಟಾಲ್, ಮಾಲ್ಟಿಟಾಲ್ ಅಂತ ಸಕ್ಕರೆ ಬದಲಿಗಳ ಹೆಸರು ಇದ್ದರೆ ವಾಪಸ್ ಇಡಿ. ಅವು ಸೋಡಾ ಇಲ್ಲದೆಯೇ ಹೊಟ್ಟೆಯಲ್ಲಿ ಗ್ಯಾಸ್ ಮಾಡುತ್ತವೆ.

ಮುಂಚೆ ನನಗೆ ಕಂಡರಾಗದಿದ್ದ ಇನ್ನೊಂದು ಅಂದರೆ ಪ್ರೋಟೀನ್ ವಾಟರ್. ಹಾಲಿನ ಹಾಗಿರುವ ಶೇಕ್ ಅಲ್ಲ, ಜ್ಯೂಸಿನ ಹಾಗೆ ತಿಳಿಯಾಗಿರುವ ವ್ಹೇ ಐಸೊಲೇಟ್, ಅಂದರೆ ಹಾಲಿನಿಂದ ಬೇರ್ಪಡಿಸಿದ ಪ್ರೋಟೀನ್ ಪುಡಿ ಕಲಸಿದ ನೀರು. ದಿನಕ್ಕೆ 60 ಗ್ರಾಂ ಮೇಲೆ ಪ್ರೋಟೀನ್ ಬೇಕು, ಊಟ ನಾಲ್ಕು ಚಮಚ. ಹಾಗಾಗಿ ಕುಡಿಯುವುದರಲ್ಲೇ ಪ್ರೋಟೀನ್ ಇದ್ದರೆ ಎರಡು ಕೆಲಸ ಒಟ್ಟಿಗೆ ಆಗುತ್ತದೆ. ಒಂದು ಕಿವಿಮಾತು: ಶೇಕರ್‌ನಲ್ಲಿ ಕುಲುಕಿದರೆ ಮೇಲೆ ಎರಡು ಬೆರಳು ದಪ್ಪ ನೊರೆ ನಿಲ್ಲುತ್ತದೆ. ಆ ನೊರೆ ಅಂದರೆ ಗಾಳಿ. ಅದನ್ನು ನುಂಗಿದರೆ ಸೋಡಾ ಕುಡಿದ ಹಾಗೇ ಆಗುತ್ತದೆ. ಚಮಚದಲ್ಲಿ ಮೆಲ್ಲಗೆ ಕಲಸಿ, ನೊರೆ ಕೂತು ತಿಳಿಯಾಗುವವರೆಗೆ ಬಿಡಿ. ಸ್ಟ್ರಾನಲ್ಲಿ ಕುಡಿಯಬೇಡಿ ಅಂತ ಎಷ್ಟೋ ಕಡೆ ಹೇಳೋದೂ ಈ ಗಾಳಿಯ ಭಯಕ್ಕೇ.

ಬೈಪಾಸ್ ಆದವರಿಗೆ ಜ್ಯೂಸ್ ಮತ್ತು ಸಕ್ಕರೆ ಸೋಡಾ ಸುಮ್ನೆ ಕ್ಯಾಲೊರಿ ಪ್ರಶ್ನೆ ಅಲ್ಲ. ಸಕ್ಕರೆ ನೇರ ಕರುಳಿಗೆ ನುಗ್ಗಿ ಡಂಪಿಂಗ್ ಆಗಬಹುದು. ಕುಡಿದ 10ರಿಂದ 30 ನಿಮಿಷದಲ್ಲಿ ಬೆವರು, ಎದೆ ಬಡಿತ, ಹೊಟ್ಟೆ ನುಲಿತ, ಭೇದಿ. ಕೆಲವರಿಗೆ ಒಂದರಿಂದ ಮೂರು ಗಂಟೆ ಬಿಟ್ಟು ಶುಗರ್ ಕುಸಿದು ಕೈಕಾಲು ನಡುಗುತ್ತವೆ. ಸ್ಲೀವ್‌ನಲ್ಲೂ ಆಗಬಹುದು, ಆದರೆ ಕಮ್ಮಿ.

ಸ್ಪಾರ್ಕ್ಲಿಂಗ್ ವಾಟರ್ ಕಥೆ ಉಳಿಯಿತು. ಎಷ್ಟೋ ತಿಂಗಳಾದ ಮೇಲೆ, ಡಾಕ್ಟರ್ ಆಗಲಿ ಅಂದ ಮೇಲೆ, ಒಂದು ಲೋಟಕ್ಕೆ ಸುರಿದು ಚಮಚದಿಂದ ಚೆನ್ನಾಗಿ ತಿರುವಿ ಅರ್ಧ ಗ್ಯಾಸ್ ಹೊರಗೆ ಕಳಿಸಿ ಕುಡಿದೆ. ಮೊದಲ ಗುಟುಕಿಗೆ ನಾಲಿಗೆ ಕುಣಿಯಿತು. ಮೂರನೆಯದಕ್ಕೆ ಪಕ್ಕೆಲುಬಿನ ಕೆಳಗೆ ಒಂದು ಬಿಗಿತ. ತೇಗು ಬರಬೇಕು, ಬರುತ್ತಿಲ್ಲ. ಎದ್ದು ಓಡಾಡಿದೆ, ಭುಜ ಹಿಂದಕ್ಕೆ ಎಳೆದೆ, ಕೊನೆಗೆ ಒಂದು ಚಿಕ್ಕ ತೇಗು ಬಂದಾಗ ಜೀವ ಬಂದ ಹಾಗಾಯಿತು. ಇದನ್ನು ಸಲೀಸಾಗಿ ಕುಡಿಯುವವರೂ ಇದ್ದಾರೆ, ನನಗೆ ಮಾತ್ರ ಒಗ್ಗಲಿಲ್ಲ. ಉಳಿದ ಬಾಟಲಿಯನ್ನು ಮನೆಯವರು ಖುಷಿಯಾಗಿ ಖಾಲಿ ಮಾಡಿದರು.