ಜೈಲಿನೊಳಗಿನ ಉಚಿತ ವಕೀಲ: ಎಲ್ಲಿ ನಂಬಬಹುದು, ಎಲ್ಲಿ ಬೆನ್ನು ಹತ್ತಬೇಕು

"ಸರ್ಕಾರಿ ವಕೀಲರು ಬೇಡ, ಸಾಲ ಮಾಡಿಯಾದರೂ ಒಳ್ಳೆ ಲಾಯರ್ ಇಡೋಣ." ಮನೆಯವರೊಬ್ಬರನ್ನು ಪೊಲೀಸರು ಕರೆದೊಯ್ದ ದಿನ ಬರುವ ಮೊದಲ ಮಾತು ಇದು. ಇದರಲ್ಲಿ ಎರಡು ತಪ್ಪುಗಳಿವೆ. ಸರ್ಕಾರಿ ಅಭಿಯೋಜಕರು ಪೊಲೀಸರ ಕಡೆಯಿಂದ ವಾದ ಮಾಡುವವರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೊಡುವ ವಕೀಲರು ಆರೋಪಿಯ ಕಡೆಯವರು. ಇಬ್ಬರಿಗೂ ಸಂಬಂಧವಿಲ್ಲ. ಇನ್ನು ಹಳೆಯ ಪದ್ಧತಿಯಲ್ಲಿ ಪಟ್ಟಿಯಲ್ಲಿರುವ ಯಾರೋ ಒಬ್ಬರಿಗೆ ಕೇಸು ಹಂಚಿ ಕೈತೊಳೆದುಕೊಳ್ಳುತ್ತಿದ್ದರು ಎಂಬ ದೂರಿಗೆ ಕಾರಣಗಳಿದ್ದವು. ಆದರೆ 2022ರಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಆರೋಪಿಗಳ ಪರ ವಾದಿಸಲೆಂದೇ ಪೂರ್ಣಾವಧಿ ವಕೀಲರನ್ನು ಇಡುವ ಡಿಫೆನ್ಸ್ ಕೌನ್ಸೆಲ್ ವ್ಯವಸ್ಥೆ ತಂದ ಮೇಲೆ ಕ್ರಿಮಿನಲ್ ಪ್ರಕರಣಗಳ ಮಟ್ಟಿಗೆ ಸೇವೆಯ ಸ್ವರೂಪವೇ ಬದಲಾಗಿದೆ. ಆದ್ದರಿಂದ ಸೇವೆಯನ್ನು ಹೊಸದಾಗಿ ತೂಗಿ ನೋಡಬೇಕು.

ಈ ವ್ಯವಸ್ಥೆಯಲ್ಲಿ ಜಿಲ್ಲೆಗೊಬ್ಬರು ಚೀಫ್, ಅವರ ಕೈಕೆಳಗೆ ಡೆಪ್ಯುಟಿ ಮತ್ತು ಅಸಿಸ್ಟೆಂಟ್ ವಕೀಲರು ಇರುತ್ತಾರೆ. ಚೀಫ್ ಆಗಲು ಕ್ರಿಮಿನಲ್ ವಕಾಲತ್ತಿನಲ್ಲಿ ಕನಿಷ್ಠ 10 ವರ್ಷ, ಡೆಪ್ಯುಟಿಗೆ 7 ವರ್ಷದ ಅನುಭವ ಬೇಕು. ಸಂಬಳ ತಿಂಗಳಿಗೊಮ್ಮೆ, ಖಾಸಗಿ ಕೇಸು ಹಿಡಿಯುವಂತಿಲ್ಲ. ದೊಡ್ಡ ವ್ಯತ್ಯಾಸ ಇರುವುದು ಇಲ್ಲಿಯೇ. ಫೀಸು ಕೊಡುವ ಇನ್ನೊಬ್ಬ ಕಕ್ಷಿದಾರನಿಗಾಗಿ ನಿಮ್ಮ ವಾಯಿದೆ ಮುಂದೂಡುವ ಆಮಿಷ ಇವರಿಗಿಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ಅದೇ ಕೋರ್ಟಿನಲ್ಲಿರುವ ಕಾರಣ ಯಾವ ನ್ಯಾಯಾಧೀಶರ ಮುಂದೆ ಯಾವ ಮೆಮೊ (ಕೋರ್ಟಿಗೆ ಕೊಡುವ ಚಿಕ್ಕ ಲಿಖಿತ ಮನವಿ) ಹಾಕಬೇಕೆಂಬುದೂ ಇವರಿಗೆ ಗೊತ್ತು.

ಯಾರಿಗೆ ಸಿಗುತ್ತದೆ ಎಂಬುದರಲ್ಲಿ ಗೊಂದಲ ಬೇಡ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರ 12ನೇ ಕಲಮಿನ ಪ್ರಕಾರ ಬಂಧನದಲ್ಲಿರುವ ಯಾರೇ ಆದರೂ ಅರ್ಹರು, ಆದಾಯದ ಮಿತಿ ಇಲ್ಲ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹೊರಗಿದ್ದರೂ ಆದಾಯ ನೋಡದೆ ಅರ್ಹರು. ಜೈಲಿನಲ್ಲಿರುವವನ ಮನೆಯವರಿಂದ ಆದಾಯ ಪ್ರಮಾಣಪತ್ರ ಕೇಳಿದರೆ ಈ ಕಲಮನ್ನು ತೋರಿಸಿ. ನಾಡಕಚೇರಿಗೆ ಅಲೆದು ಎರಡು ವಾರ ಕಳೆದುಕೊಳ್ಳಬೇಡಿ, ಆ ಎರಡು ವಾರ ಎಷ್ಟು ಬೆಲೆಬಾಳುತ್ತದೆ ಎಂಬುದು ಮುಂದೆ ಗೊತ್ತಾಗುತ್ತದೆ.

ಅರ್ಜಿ ಹಾಕುವುದು ಸುಲಭ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಯಲ್ಲಿ ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಸಾಕು. 15100 ಸಹಾಯವಾಣಿಗೆ ಕರೆ ಮಾಡಬಹುದು. ಒಳಗಿರುವವರು ಜೈಲಿನ ಕಾನೂನು ನೆರವು ಕ್ಲಿನಿಕ್‌ನಲ್ಲಿ ಹೇಳಬಹುದು. ಹೈಕೋರ್ಟ್ ಮಟ್ಟದ ಕೆಲಸಕ್ಕೆ ಹೈಕೋರ್ಟ್ ಕಾನೂನು ಸೇವಾ ಸಮಿತಿ ಇದೆ. ವಕೀಲರ ನೇಮಕ ಆದೇಶ ಬಂದ ಮೇಲೂ ಕೆಲಸ ನಿಲ್ಲುವುದು ವಕಾಲತ್ತುನಾಮೆಯಲ್ಲಿ, ಅಂದರೆ ತನ್ನ ಪರ ವಾದಿಸಲು ಕೈದಿ ವಕೀಲರಿಗೆ ಅಧಿಕಾರ ಕೊಡುವ ಪತ್ರದಲ್ಲಿ. ಕೈದಿ ಸಹಿ ಹಾಕಬೇಕು, ಜೈಲು ಅಧೀಕ್ಷಕರು ದೃಢೀಕರಿಸಿ ಸೀಲು ಹಾಕಬೇಕು, ಆಮೇಲೆ ಅದು ಕೋರ್ಟಿನ ಕಡತ ಸೇರಬೇಕು. ಈ ಮೂರು ಹಂತಗಳ ನಡುವೆ ಕಾಗದ ಎಲ್ಲೋ ಕುಳಿತುಬಿಡುವುದು ತೀರಾ ಸಾಮಾನ್ಯ. "ವಕೀಲರು ಗೊತ್ತಾದರಾ?" ಎಂದು ಕೇಳಿದರೆ ಸಾಲದು, "ವಕಾಲತ್ತು ಫೈಲ್ ಆಯಿತಾ, ಯಾವ ತಾರೀಖು?" ಎಂದು ಕೇಳಿ. ಉತ್ತರವನ್ನು ನೀವೇ ಪರೀಕ್ಷಿಸಬಹುದು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರತಿ ಕೇಸಿಗೂ ಇರುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ವಕೀಲರ ಹೆಸರು, ಮುಂದಿನ ವಾಯಿದೆ, ಹಿಂದಿನ ದಿನ ಏನಾಯಿತು ಎಲ್ಲ ಕಾಣಿಸುತ್ತದೆ.

ಈಗ ಸೇವೆಯ ಗುಣಮಟ್ಟಕ್ಕೆ ಬರೋಣ. ದಿನಾಂಕ ಮತ್ತು ಕಲಮು ಕೈಯಲ್ಲಿದ್ದರೆ ಮುಗಿಯುವ ಕೆಲಸಗಳನ್ನು ಡಿಫೆನ್ಸ್ ಕೌನ್ಸೆಲ್ ಕಚೇರಿಗಳು ಚೆನ್ನಾಗಿ ಮಾಡುತ್ತವೆ. ಅದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಡಿಫಾಲ್ಟ್ ಜಾಮೀನು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮಿನಂತೆ ಮರಣದಂಡನೆ, ಜೀವಾವಧಿ, ಅಥವಾ 10 ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಕೈದಿಯ ಹಕ್ಕು. ಲೆಕ್ಕ ಶುರುವಾಗುವುದು ಬಂಧನದ ದಿನದಿಂದಲ್ಲ, ಮ್ಯಾಜಿಸ್ಟ್ರೇಟರು ಮೊದಲು ರಿಮಾಂಡ್ ಮಾಡಿದ, ಅಂದರೆ ಕಸ್ಟಡಿಗೆ ಒಪ್ಪಿಸಿದ ದಿನದಿಂದ. ಆ ದಿನವನ್ನೂ ಎಣಿಕೆಗೆ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟಪಡಿಸಿದೆ. ಮಾರ್ಚ್ 1ಕ್ಕೆ ರಿಮಾಂಡ್ ಆಗಿದ್ದರೆ 60ನೇ ದಿನ ಏಪ್ರಿಲ್ 29. ಏಪ್ರಿಲ್ 30ರ ಬೆಳಗ್ಗೆ ಕೋರ್ಟ್ ಬಾಗಿಲು ತೆರೆಯುವಾಗ ಅರ್ಜಿ ಸಿದ್ಧವಿರಬೇಕು. ಅಂದು ಅರ್ಜಿ ಹಾಕದೆ ಮಾರನೇ ದಿನಕ್ಕೆ ಬಿಟ್ಟರೆ, ಅಷ್ಟರಲ್ಲಿ ಪೊಲೀಸರು ಚಾರ್ಜ್‌ಶೀಟ್ ಸಲ್ಲಿಸಿದರೆ, ಹಕ್ಕು ಹೋಯಿತು. ಅರ್ಜಿ ಮೊದಲು ಬಿದ್ದಿದ್ದರೆ ಆಮೇಲೆ ಚಾರ್ಜ್‌ಶೀಟ್ ಬಂದರೂ ಹಕ್ಕು ಉಳಿಯುತ್ತದೆ. ವಕೀಲರಿಗೆ ಈ ತಾರೀಖನ್ನು 55ನೇ ದಿನವೇ ಬರವಣಿಗೆಯಲ್ಲಿ ನೆನಪಿಸಿ. ನೂರಾರು ಕಡತಗಳ ನಡುವೆ ನಿಮ್ಮದು ಒಂದು ಎಂಬುದನ್ನು ಮರೆಯಬಾರದು.

ಚಾರ್ಜ್‌ಶೀಟ್ ಬಂದು ವಿಚಾರಣೆ ಎಳೆಯುತ್ತಿದ್ದರೆ ಅದೇ ಸಂಹಿತೆಯ 479ನೇ ಕಲಮು. ಗರಿಷ್ಠ ಶಿಕ್ಷೆಯ ಅರ್ಧ ಅವಧಿಯನ್ನು ಒಳಗೇ ಕಳೆದವರಿಗೆ, ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದವರಾದರೆ ಮೂರನೇ ಒಂದು ಭಾಗ ಕಳೆದವರಿಗೆ, ಬಿಡುಗಡೆಯ ದಾರಿ ಇದೆ. 7 ವರ್ಷದ ಶಿಕ್ಷೆಯ ಮನೆಗಳ್ಳತನದ ಆರೋಪವಾದರೆ ಆ ಮೂರನೇ ಒಂದು ಭಾಗ 2 ವರ್ಷ 4 ತಿಂಗಳು. ಮರಣದಂಡನೆ ಅಥವಾ ಜೀವಾವಧಿಯ ಆರೋಪವಿದ್ದರೆ ಇದು ಅನ್ವಯಿಸುವುದಿಲ್ಲ, ಇನ್ನೊಂದು ಪ್ರಕರಣ ಬಾಕಿ ಇದ್ದರೂ ಅಡ್ಡ ಬರುತ್ತದೆ. ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕೆ ಮೊದಲಿನ ಪ್ರಕರಣಗಳಿಗೂ ಇದು ಸಲ್ಲುತ್ತದೆಂದು ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿ ಕಳಿಸುವ ಹೊಣೆಯನ್ನು ಕಾಯ್ದೆ ಜೈಲು ಅಧೀಕ್ಷಕರ ಮೇಲೆಯೇ ಹಾಕಿದೆ, ಹಾಗಾಗಿ ಮನವಿಯ ಒಂದು ಪ್ರತಿ ಅವರಿಗೂ ಹೋಗಲಿ.

ಜಾಮೀನು ಸಿಕ್ಕಿದ ಮೇಲೂ ಹೊರಗೆ ಬಾರದವರ ಕಷ್ಟವನ್ನು ಈ ಸೇವೆ ಇನ್ನೂ ಪೂರ್ತಿ ಅರಗಿಸಿಕೊಂಡಿಲ್ಲ. ಆದೇಶದಲ್ಲಿ ಶ್ಯೂರಿಟಿ (ಕೈದಿಯ ಪರ ಹೊಣೆ ಹೊರುವ ಜಾಮೀನುದಾರ) ಎಂದು ಬರೆದಿರುತ್ತದೆ, ಪಹಣಿ ಇಟ್ಟುಕೊಂಡು ಕೋರ್ಟಿಗೆ ಬರುವ ನೆಂಟರು ಇರುವುದಿಲ್ಲ. ಹೊರ ಜಿಲ್ಲೆಯಿಂದ, ಹೊರ ರಾಜ್ಯದಿಂದ ಕೂಲಿಗೆ ಬಂದವರ ಪಾಡು ಇನ್ನೂ ಕಷ್ಟ. ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಕೊಟ್ಟ ನಿರ್ದೇಶನಗಳು ಇಲ್ಲಿ ಕೈಹಿಡಿಯುತ್ತವೆ. ಜಾಮೀನು ಸಿಕ್ಕ 7 ದಿನದಲ್ಲಿ ಕೈದಿ ಹೊರಬರದಿದ್ದರೆ ಅಧೀಕ್ಷಕರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಲ್ಲಿ ಶ್ಯೂರಿಟಿ ಒದಗದಿದ್ದರೆ ಕೋರ್ಟ್ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಸ್ಥಳೀಯ ಶ್ಯೂರಿಟಿಯೇ ಬೇಕೆಂಬ ಹಟದಿಂದ ಬಿಡುಗಡೆ ತಡವಾಗುವುದಾದರೆ ಅಂಥ ಷರತ್ತು ಹಾಕಬಾರದು. ಬಡ ಕೈದಿಗಳಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ತಂದ ಯೋಜನೆಯಲ್ಲಿ ವಿಚಾರಣಾಧೀನರ ಜಾಮೀನಿಗೆ 40,000 ರೂಪಾಯಿವರೆಗೆ, ಸಜಾ ಕೈದಿಗಳ ದಂಡಕ್ಕೆ 25,000 ರೂಪಾಯಿವರೆಗೆ ನೆರವು ಇಟ್ಟಿದ್ದರು. ಕೇಳದೆ ಇವು ಯಾವುವೂ ಚಲಿಸುವುದಿಲ್ಲ. "ಷರತ್ತು ಮಾರ್ಪಾಡಿಗೆ ಅರ್ಜಿ ಹಾಕಿ" ಎಂದು ವಕೀಲರಿಗೆ ನೇರವಾಗಿ ಹೇಳಬೇಕು.

ಮೇಲ್ಮನವಿಯ ವಿಷಯದಲ್ಲಿ ಸೇವೆ ವಿಶ್ವಾಸಾರ್ಹ. ತೀರ್ಪಿನ ಪ್ರತಿ ಉಚಿತ, ಹೈಕೋರ್ಟಿಗೆ 60 ದಿನ, ಸೆಷನ್ಸ್ ಕೋರ್ಟಿಗೆ 30 ದಿನ. ಜೈಲಿನ ಮೂಲಕವೇ ಸಲ್ಲಿಸಬಹುದು.

ದುರ್ಬಲವಾದದ್ದು ಮಾತುಕತೆ. ಕೈದಿ ಮತ್ತು ವಕೀಲರು ಗುಟ್ಟಾಗಿ, ಸಾವಧಾನವಾಗಿ ಕುಳಿತು ಮಾತಾಡುವ ಸಮಯ ಕಡಿಮೆ. ಜೈಲಿನ ಕ್ಲಿನಿಕ್‌ಗೆ ಬರುವವರು ಒಬ್ಬರು, ಕೋರ್ಟಿನಲ್ಲಿ ನಿಲ್ಲುವವರು ಇನ್ನೊಬ್ಬರು. ಹಾಜರಾತಿ ವಿಡಿಯೊ ಕಾನ್ಫರೆನ್ಸ್‌ನಲ್ಲಿ ನಡೆದರೆ ಪಕ್ಕದಲ್ಲಿ ಸಿಬ್ಬಂದಿ ನಿಂತಿರುತ್ತಾರೆ, ಮಾತು ಎರಡು ನಿಮಿಷಕ್ಕೆ ಮುಗಿಯುತ್ತದೆ. ಸಾಕ್ಷಿಯ ಪಾಟೀಸವಾಲಿಗೆ ಬೇಕಾದ ವಿವರ, ಅಂದರೆ ಆ ರಾತ್ರಿ ಯಾರು ಎಲ್ಲಿದ್ದರು, ಫೋನ್ ಯಾರ ಕೈಯಲ್ಲಿತ್ತು, ದೂರುದಾರರ ಜೊತೆ ಹಳೆಯ ಜಗಳ ಏನು, ಇದೆಲ್ಲ ವಕೀಲರ ಕಿವಿಗೆ ಬೀಳುವುದೇ ಇಲ್ಲ. ಇದಕ್ಕೆ ಮನೆಯವರು ಮಾಡಬಹುದಾದ ಕೆಲಸ ಒಂದಿದೆ. ಮುಲಾಖತ್‌ನಲ್ಲಿ ಕೇಳಿ ತಿಳಿದದ್ದನ್ನು ತಾರೀಖುವಾರು ಎರಡು ಪುಟ ಬರೆದು ಸಾಕ್ಷಿ ವಿಚಾರಣೆಗೆ ವಾರ ಮೊದಲೇ ಡಿಫೆನ್ಸ್ ಕೌನ್ಸೆಲ್ ಕಚೇರಿಗೆ ಕೊಡಿ. ಬಾಯಲ್ಲಿ ಹೇಳಿದ್ದು ಕಾರಿಡಾರಿನಲ್ಲೇ ಉಳಿಯುತ್ತದೆ.

ಇನ್ನು ಪೊಲೀಸರ ಮೇಲೆ ದೂರು, ಪರಿಹಾರ. ಸೇವೆ ಎಲ್ಲಕ್ಕಿಂತ ಸೊರಗುವುದು ಇಲ್ಲಿ. ಡಿಫೆನ್ಸ್ ಕೌನ್ಸೆಲ್ ವ್ಯವಸ್ಥೆ ಆರೋಪಿಗಳಿಗೆ ಮತ್ತು ಶಿಕ್ಷೆಯಾದವರಿಗೆ ಮಾತ್ರ. ಠಾಣೆಯಲ್ಲಿ ಹೊಡೆತ ತಿಂದವನು ದೂರುದಾರನಾದ ಕೂಡಲೇ ಅವರ ವ್ಯಾಪ್ತಿಯಿಂದ ಹೊರಗೆ ಬರುತ್ತಾನೆ, ಪ್ಯಾನಲ್ ವಕೀಲರಿಗೆ, ಅಂದರೆ ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರಿಗೆ, ಬೇರೆ ಅರ್ಜಿ ಹಾಕಬೇಕು. ಆ ಅರ್ಜಿ ಒಪ್ಪಿಗೆಯಾಗಿ ವಕೀಲರು ಸಿಗುವ ಹೊತ್ತಿಗೆ ಬಾಸುಂಡೆ ಮಾಸಿರುತ್ತದೆ.

ಹಾಗಾಗಿ ಮೊದಲ ಕೆಲಸ ಡಿಫೆನ್ಸ್ ವಕೀಲರಿಂದಲೇ, ರಿಮಾಂಡ್ ದಿನವೇ ಆಗಬೇಕು. ಮ್ಯಾಜಿಸ್ಟ್ರೇಟರ ಆರ್ಡರ್ ಶೀಟಿನಲ್ಲಿ ಪೊಲೀಸರಿಂದ ಕಿರುಕುಳದ ದೂರಿಲ್ಲ ಎಂಬ ಒಂದು ಸಾಲು ಬೀಳುವುದುಂಟು. ಆರೋಪಿ ಹೆದರಿ ಸುಮ್ಮನಿದ್ದರೂ ಆ ಸಾಲೇ ದಾಖಲೆಯಾಗಿ ನಿಲ್ಲುತ್ತದೆ. ವರ್ಷಗಳ ನಂತರ ಪರಿಹಾರದ ಕೇಸಿನಲ್ಲಿ ಎದುರಿನವರು ಮೊದಲು ತೆಗೆದು ತೋರಿಸುವ ಪುಟ ಅದು. ಗಾಯವಿದ್ದರೆ ಅಂಗಿ ಸರಿಸಿ ತೋರಿಸಿ ಹೇಳಬೇಕು, ವೈದ್ಯಕೀಯ ಪರೀಕ್ಷೆಗೆ ಆದೇಶ ಕೇಳಬೇಕು, ವಕೀಲರು ಮೆಮೊ ಹಾಕಬೇಕು. ಅಂದು ಆಗದಿದ್ದರೆ ಎರಡನೇ ಅವಕಾಶ ಜೈಲಿನ ಬಾಗಿಲಲ್ಲಿದೆ. ಒಳಗೆ ಸೇರಿಸಿಕೊಳ್ಳುವಾಗ ಜೈಲಿನ ವೈದ್ಯರು ಪರೀಕ್ಷಿಸುತ್ತಾರೆ, ಮೈಮೇಲಿನ ಪ್ರತಿ ಗಾಯವನ್ನೂ ಅವರ ರಿಜಿಸ್ಟರಿನಲ್ಲಿ ಬರೆಸಬೇಕು. "ಬಿದ್ದೆ" ಎಂದು ಹೇಳಿಬಿಟ್ಟರೆ ಅದೇ ಬರೆಯಲ್ಪಡುತ್ತದೆ.

ಠಾಣೆಯ ಸಿಸಿಟಿವಿ ದೃಶ್ಯ ಮೂರನೆಯದು. 2020ರ ಡಿಸೆಂಬರಿನ ಪರಮವೀರ್ ಸಿಂಗ್ ಸೈನಿ ತೀರ್ಪು ಎಲ್ಲ ಠಾಣೆಗಳಲ್ಲಿ ಕ್ಯಾಮೆರಾ ಇರಬೇಕು, ದೃಶ್ಯ 18 ತಿಂಗಳು ಉಳಿಯಬೇಕು, ಅಷ್ಟು ಸಾಮರ್ಥ್ಯದ ಸಲಕರಣೆ ಸಿಗದಿದ್ದರೂ ಒಂದು ವರ್ಷಕ್ಕಿಂತ ಕಡಿಮೆಯಾಗಬಾರದು ಎಂದಿದೆ. ಆದರೂ ಆ ಅವಧಿಯನ್ನು ನಂಬಿ ಕೂರಬೇಡಿ. ದಿನಾಂಕ, ಗಂಟೆ, ಠಾಣೆಯ ಯಾವ ಕೋಣೆ ಎಂದು ಬರೆದು ಎಸ್ಪಿಗೆ ನೋಂದಾಯಿತ ಅಂಚೆಯಲ್ಲಿ ಕಳಿಸಿ, ದೃಶ್ಯ ಕಾಪಾಡಲು ಮ್ಯಾಜಿಸ್ಟ್ರೇಟರಿಗೂ ಅರ್ಜಿ ಕೊಡಿ. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು ಮಾಹಿತಿ ಹಕ್ಕಿನಡಿ 48 ಗಂಟೆಯಲ್ಲಿ ಕೊಡಬೇಕೆಂಬ ನಿಯಮವಿದೆ, ಅರ್ಜಿಯ ತಲೆಬರಹದಲ್ಲೇ ಅದನ್ನು ನಮೂದಿಸಿ.

ಪ್ಯಾನಲ್ ವಕೀಲರು ಸಿಕ್ಕ ಮೇಲೆ ಅವರು ಯಾವ ದಾರಿ ಹಿಡಿಯುತ್ತಾರೆ ಎಂಬುದನ್ನು ಗಮನಿಸಿ. ಪೊಲೀಸ್ ದೂರು ಪ್ರಾಧಿಕಾರ, ಮಾನವ ಹಕ್ಕುಗಳ ಆಯೋಗ, ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು, ಹೈಕೋರ್ಟಿನಲ್ಲಿ ರಿಟ್ (ಮೂಲಭೂತ ಹಕ್ಕಿಗೆ ಧಕ್ಕೆಯಾದಾಗ ಹಾಕುವ ನೇರ ಅರ್ಜಿ), ಸಿವಿಲ್ ದಾವೆ, ಇವು ಒಂದೊಂದೂ ಬೇರೆ ಬೇರೆ ಗಡಿಯಾರ ಇಟ್ಟುಕೊಂಡಿವೆ. ಆಯೋಗಕ್ಕೆ ಘಟನೆಯಿಂದ ಒಂದು ವರ್ಷ. ಅಕ್ರಮ ಬಂಧನದ ಪರಿಹಾರಕ್ಕೆ ಸಿವಿಲ್ ದಾವೆಗೂ ಒಂದು ವರ್ಷ, ಅದಕ್ಕೆ ಮೊದಲು ಸರ್ಕಾರಕ್ಕೆ ಎರಡು ತಿಂಗಳ ನೋಟಿಸ್. ಪೊಲೀಸರ ಮೇಲಿನ ಕ್ರಿಮಿನಲ್ ದೂರಿಗೆ ಸರ್ಕಾರದ ಪೂರ್ವಾನುಮತಿಯ ಗೋಡೆ ಇದೆ. ಸುರಕ್ಷಾ ಸಂಹಿತೆಯ 218ನೇ ಕಲಮು ಒಂದು, ನಮ್ಮ ರಾಜ್ಯದಲ್ಲಿ ಅದರ ಮೇಲೆ ಕರ್ನಾಟಕ ಪೊಲೀಸ್ ಕಾಯ್ದೆ 1963ರ 170ನೇ ಕಲಮು ಇನ್ನೊಂದು. ಕರ್ನಾಟಕದಿಂದಲೇ ಹೋದ ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ, ಕರ್ತವ್ಯಕ್ಕೆ ಸಂಬಂಧವಿರುವ ಅತಿರೇಕಕ್ಕೂ ಅನುಮತಿ ಬೇಕು ಎಂದಿತು. 218ರಡಿ ಸರ್ಕಾರ 120 ದಿನದಲ್ಲಿ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಂತೆಯೇ, ಆದರೆ ಆ 120 ದಿನ ಓಡಬೇಕಾದರೆ ಮನವಿ ತಲುಪಿದ ಸ್ವೀಕೃತಿ ನಿಮ್ಮಲ್ಲಿರಬೇಕು. ಅನುಮತಿ ಕೇಳದೆ ದೂರು ಹಾಕಿ, ಎರಡು ವರ್ಷ ನಡೆಸಿ, ಆ ಒಂದೇ ಕಾರಣಕ್ಕೆ ವಜಾ ಆಗುವುದು ಈ ಕ್ಷೇತ್ರದ ದೊಡ್ಡ ನಷ್ಟ.

ಪರಿಹಾರದ ದಾರಿ ಹೆಚ್ಚು ಗಟ್ಟಿಯಾಗಿರುವುದು ರಿಟ್‌ನಲ್ಲಿ. 1983ರ ರುದುಲ್ ಸಾಹ್ ಪ್ರಕರಣದಲ್ಲಿ ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲಿಟ್ಟದ್ದಕ್ಕೆ, 1993ರ ನೀಲಬತಿ ಬೆಹೆರಾ ಪ್ರಕರಣದಲ್ಲಿ ಕಸ್ಟಡಿಯಲ್ಲಿ ಸತ್ತ ಮಗನಿಗಾಗಿ ತಾಯಿಗೆ 1,50,000 ರೂಪಾಯಿ, ಹೀಗೆ ಸಿವಿಲ್ ದಾವೆಗೆ ಕಾಯಿಸದೆ ಕೋರ್ಟ್ ಪರಿಹಾರ ಕೊಟ್ಟಿದೆ. ಆದರೆ ರಿಟ್‌ನಲ್ಲಿ ಸಾಕ್ಷಿ ವಿಚಾರಣೆ ಸಾಮಾನ್ಯವಾಗಿ ಇರುವುದಿಲ್ಲ, ವಿವಾದವಿಲ್ಲದ ದಾಖಲೆ ಇದ್ದವರಿಗೇ ಅದು ಒಲಿಯುತ್ತದೆ. ವೈದ್ಯರ ರಿಜಿಸ್ಟರಿನ ಆ ಒಂದು ನಮೂದಿಗೆ ಅಷ್ಟು ತೂಕ ಇರುವುದು ಅದಕ್ಕೇ. ಸಣ್ಣ ಪಟ್ಟಣಗಳ ಪ್ಯಾನಲ್‌ಗಳಲ್ಲಿ ದಿನಾ ಅದೇ ಠಾಣೆಯವರ ಮುಖ ನೋಡುವ ವಕೀಲರು ಇಂಥ ಕೇಸಿಗೆ ಹಿಂಜರಿಯುವುದನ್ನು ಅರ್ಥ ಮಾಡಿಕೊಳ್ಳಬಹುದು, ಆದರೆ ಸಹಿಸಬೇಕಾಗಿಲ್ಲ. ಹೊರಗಿನ ವಕೀಲರನ್ನು ಕೊಡಿ ಎಂದು ಕಾರಣ ಬರೆದು ಕಾರ್ಯದರ್ಶಿಯವರನ್ನು ಕೇಳಿ.

ನೇಮಕವಾದ ವಕೀಲರು "ಖರ್ಚಿಗೆ" ಎಂದು ಒಂದು ರೂಪಾಯಿ ಕೇಳಿದರೂ ಅದು ನಿಯಮಬಾಹಿರ. ಕೋರ್ಟ್ ಶುಲ್ಕ, ಪ್ರತಿಗಳು, ಟೈಪಿಂಗ್ ಎಲ್ಲವೂ ಸೇವೆಯೊಳಗೇ ಬರುತ್ತವೆ. ವಕೀಲರನ್ನು ಬದಲಿಸಿ ಎನ್ನುವ ಅರ್ಜಿಯಲ್ಲಿ ಬೈಗುಳ ಬೇಡ. ಗೈರಾದ ತಾರೀಖುಗಳನ್ನು ಇ-ಕೋರ್ಟ್ಸ್‌ನಿಂದ ನೋಡಿ ಬರೆಯಿರಿ, ಪ್ರತಿಗೆ ಕಚೇರಿಯ ಮೊಹರು ಹಾಕಿಸಿಕೊಳ್ಳಿ.

ಮೊದಲ ಸಲ ಕಚೇರಿಗೆ ಹೋಗುವವರು ಎಫ್‌ಐಆರ್ ಪ್ರತಿ, ಅಪರಾಧ ಸಂಖ್ಯೆ ಮತ್ತು ಠಾಣೆಯ ಹೆಸರು, ಮೊದಲ ರಿಮಾಂಡ್‌ನ ತಾರೀಖು, ಜೈಲಿನ ಕೈದಿ ಸಂಖ್ಯೆ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಎಫ್‌ಐಆರ್ ಇಲ್ಲದಿದ್ದರೆ ರಾಜ್ಯ ಪೊಲೀಸರ ವೆಬ್‌ಸೈಟಿನಲ್ಲಿ ಸಿಗಬಹುದು, ಸೂಕ್ಷ್ಮ ಪ್ರಕರಣಗಳನ್ನು ಮಾತ್ರ ಅಲ್ಲಿ ಹಾಕುವುದಿಲ್ಲ. ರಿಮಾಂಡ್ ತಾರೀಖಿನ ಕೆಳಗೆ 60ನೇ ಮತ್ತು 90ನೇ ದಿನವನ್ನು ನೀವೇ ಎಣಿಸಿ ಬರೆದಿಡಿ.