ರಾಶಿ ನಡೆಯುವಾಗಲೇ ಐದು ವರ್ಷದ ಯೋಜನೆ: ಮೂರು ಹಂಗಾಮು ಬಳಸಿದ ಮೇಲೆ

ಕಲಬುರಗಿ ಜಿಲ್ಲೆಯ ನಮ್ಮ ಚಿತ್ತಾಪುರ ಕಡೆಯ ಒಂದು ರೈತ ಉತ್ಪಾದಕ ಕಂಪನಿ, ಅಂದರೆ ರೈತರೇ ಸದಸ್ಯರಾಗಿ ಕಟ್ಟಿಕೊಂಡ ಕಂಪನಿ, ತನ್ನ ಸದಸ್ಯರಿಗೆ ಐದು ವರ್ಷದ ಬೇಸಾಯ ಯೋಜನೆ ಅಂತ ಒಂದು ಸೇವೆ ಕೊಡುತ್ತದೆ. ಫೋನಿಗೆ ಒಂದು ಆ್ಯಪ್, ಜೊತೆಗೆ ಅವರ ಕಡೆಯಿಂದ ಆಗಾಗ ಕರೆ, ವರ್ಷಕ್ಕೆ 1,200 ರೂಪಾಯಿ. ಯಾವ ಹೊಲಕ್ಕೆ ಯಾವ ಬೆಳೆ, ಎಷ್ಟು ಖರ್ಚು, ಎಷ್ಟು ಆದಾಯ ಅಂತ ಐದು ವರ್ಷಕ್ಕೆ ಮೊದಲೇ ಬರೆದಿಟ್ಟುಕೊಳ್ಳುವುದು ಇದರ ಕೆಲಸ. ಮೂರು ತೊಗರಿ ರಾಶಿ, ಅಂದರೆ ಮೂರು ಸಲದ ಕಟಾವು ಒಕ್ಕಣೆ, ಇದರ ಜೊತೆ ಕಳೆದಿದ್ದೇನೆ. ತುಂಬಾ ಇಷ್ಟಪಟ್ಟು ಬಳಸಿದ್ದೇನೆ, ಒಂದು ವಿಷಯಕ್ಕೆ ಕಂಪನಿಯ ಆಫೀಸಿಗೆ ಹೋಗಿ ಜಗಳವನ್ನೂ ಮಾಡಿದ್ದೇನೆ.

ನಮ್ಮದು ಹದಿನಾಲ್ಕು ಎಕರೆ ಎರೆ ಹೊಲ, ಎಲ್ಲಾ ಮಳೆ ನಂಬಿದ್ದು. ಮುಂಗಾರಿಗೆ ತೊಗರಿ, ಹೆಸರು. ಹೆಸರು ತೆಗೆದ ಹೊಲಕ್ಕೆ ಹಿಂಗಾರಿ ಜೋಳ, ಕಡಲೆ. ಯಜಮಾನರಿಗೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ. ಹೊಲ ನೋಡುವುದು ನಾನು ಮತ್ತು ನಮ್ಮ ಮೈದುನ, ಲೆಕ್ಕ ಪೂರ್ತಿ ನನ್ನದು.

ಈ ಸೇವೆ ಬಗ್ಗೆ ಹೇಳಿದರೆ ಎಲ್ಲರೂ ಕೇಳುವುದು ಒಂದೇ ಮಾತು. ಸುಗ್ಗಿಯಲ್ಲಿ ತಲೆ ಕೆರೆಯುವುದಕ್ಕೂ ಬಿಡುವಿಲ್ಲ, ಆಗ ಐದು ವರ್ಷದ ಯೋಜನೆ ಯಾರು ಮಾಡ್ತಾರೆ, ಬೇಸಿಗೆಯಲ್ಲಿ ಕೂತು ಮಾಡಬಾರದಾ ಅಂತ. ನಾನು ಹೇಳುವುದು, ಬೇಸಿಗೆಯಲ್ಲಿ ಹೊಲ ಏನೂ ಹೇಳುವುದಿಲ್ಲ. ಯಾವ ಮೂಲೆಯಲ್ಲಿ ತೊಗರಿ ಒಣಗಿತ್ತು, ಯಾವ ಹೊಲದ ಕಾಯಿ ತುಂಬಿತ್ತು, ಯಾವ ವಾರ ಆಳು ಸಿಗದೆ ಕಟಾವು ನಿಂತಿತ್ತು, ಇದೆಲ್ಲಾ ಏಪ್ರಿಲ್ ಹೊತ್ತಿಗೆ ಅಂದಾಜು ಆಗಿಬಿಟ್ಟಿರುತ್ತದೆ. ಅಂದಾಜಿನ ಮೇಲೆ ಐದು ವರ್ಷ ಕಟ್ಟುವುದಕ್ಕಾಗುವುದಿಲ್ಲ.

ಗಿಡವನ್ನು ನಿಂತಲ್ಲೇ ಒಣಗಿಸುವ ನೆಟೆ ರೋಗವನ್ನೇ ತಗೊಳ್ಳಿ. 2022ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿಯನ್ನು ಅದು ಹೇಗೆ ತಿಂದು ಹಾಕಿತು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅದರ ಶಿಲೀಂಧ್ರ ಮಣ್ಣಿನಲ್ಲೇ, ಹಳೆ ಬೇರು ಕಡ್ಡಿಯಲ್ಲೇ, ಎರಡು ಮೂರು ವರ್ಷ ಬದುಕಿರುತ್ತದೆ. ಅದೇ ಜಾಗಕ್ಕೆ ಮತ್ತೆ ಮತ್ತೆ ತೊಗರಿ ಬಿತ್ತಿದರೆ ರೋಗ ಜಾಸ್ತಿಯಾಗುತ್ತದೆ. ನಡುವೆ ಜೋಳ ಹಾಕಿದರೆ ಕಡಿಮೆಯಾಗುತ್ತದೆ. ಎಲ್ಲರಿಗೂ ಗೊತ್ತಿರುವ ಮಾತೇ, ಆದರೆ ಯಾವ ಜಾಗ? ಹೂ ಕಾಯಿ ಇರುವಾಗ ಒಣಗಿದ ಗಿಡ ಕಣ್ಣಿಗೆ ಹೊಡೆದು ಕಾಣುತ್ತದೆ. ಕಟಾವಾದ ಮೇಲೆ ಎಲ್ಲಾ ಕೂಳೆನೂ ಒಂದೇ ಥರ.

ಆ್ಯಪ್‌ನಲ್ಲಿ ನಮ್ಮ ಹೊಲದ ನಕ್ಷೆ ಇದೆ. ಗಿಡದ ಪಕ್ಕ ನಿಂತು ಫೋಟೊ ತೆಗೆದರೆ ಆ ಜಾಗಕ್ಕೆ ಒಂದು ಚುಕ್ಕೆ ಬೀಳುತ್ತದೆ. ನವೆಂಬರ್‌ನಲ್ಲಿ ಬೆಳಗ್ಗೆ, ಆಳುಗಳು ಬರುವ ಮುಂಚೆ, ಇಬ್ಬನಿ ಇರುವಾಗಲೇ ನಾನು ಒಂದು ಸುತ್ತು ಹಾಕುತ್ತೇನೆ. ಸೊಂಟಕ್ಕೆ ಹಳೆ ಸೀರೆಯ ಪಟ್ಟಿಗಳನ್ನು ಸಿಕ್ಕಿಸಿಕೊಂಡು ಹೋಗುವುದು, ಒಣಗಿದ ಗಿಡ ಕಂಡರೆ ಬುಡ ಸೀಳಿ ಒಳಗೆ ಕಪ್ಪು ಗೆರೆ ಇದೆಯಾ ನೋಡುವುದು, ಇದ್ದರೆ ಅಲ್ಲೊಂದು ಪಟ್ಟಿ ಕಟ್ಟಿ ಫೋಟೊ. ಸೀರೆ ಅಂಚು ತೊಗರಿ ಸಾಲಿನ ಮಧ್ಯೆ ದೂರದಿಂದಲೂ ಕಾಣುತ್ತದೆ, ಮೈದುನ ಬೀಜಕ್ಕೆ ಅಂತ ಕಾಯಿ ಆರಿಸುವಾಗ ಆ ಕಡೆ ಹೋಗುವುದಿಲ್ಲ. ಎರಡನೇ ವರ್ಷ ನಕ್ಷೆ ನೋಡಿದರೆ ಚುಕ್ಕೆಗಳೆಲ್ಲಾ ಮೇಲಿನ ಹೊಲದ ಬದುವಿನ ಕಡೆ ಗುಂಪಾಗಿ ಬಿದ್ದಿದ್ದವು. ಆ ಮೂರು ಎಕರೆಗೆ ಜೋಳ ಅಂತ ಅವತ್ತೇ ತೀರ್ಮಾನವಾಯಿತು. ಉಳಿದ ಹೊಲಕ್ಕೆ ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದ ನೆಟೆ ತಡೆಯುವ ತೊಗರಿ ತಳಿ ಟಿಎಸ್-3ಆರ್, ಬೀಜಕ್ಕೆ ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಟ್ರೈಕೋಡರ್ಮಾ ಹಚ್ಚಿ ಬಿತ್ತಿದ್ದು. ಇಷ್ಟು ದಿನ ಬರೀ ಬಾಯಲ್ಲಿ ಇದ್ದ ಬೆಳೆ ಬದಲಾವಣೆ ಮೊದಲ ಸಲ ಹೊಲಕ್ಕೆ ಇಳಿಯಿತು.

ಇನ್ನು ಆ ಕರೆ. ನವೆಂಬರ್‌ನಿಂದ ಜನವರಿವರೆಗೆ ವಾರಕ್ಕೊಂದು ಸಲ ಸಂಜೆ ಏಳರ ಮೇಲೆ ಬರುತ್ತದೆ. ನಾನು ಅಷ್ಟೊತ್ತಿಗೆ ರೊಟ್ಟಿ ಬಡಿದು ಮುಗಿಸಿ, ಶಹಾಬಾದ್ ಕಲ್ಲಿನ ಕಟ್ಟೆ ಮೇಲೆ ಚಹಾ ಹಿಡಿದು ಕೂತಿರುತ್ತೇನೆ. "ಅಕ್ಕಾರ, ಚಹಾ ಆಯ್ತೇನ್ರಿ?" ಅಂತ ಶುರು ಮಾಡುತ್ತಾಳೆ ಕಂಪನಿಯಿಂದ ಕರೆ ಮಾಡುವ ಹುಡುಗಿ. ಸುತ್ತಿ ಬಳಸಿ ಮಾತಿಲ್ಲ, ಒಂದೇ ಪ್ರಶ್ನೆ. "ಮುಂದಿನ ವರ್ಷಕ್ಕೆ ಬೀಜ ಯಾವ ಹೊಲದ್ದು ಇಡ್ತೀರಿ?" ಇನ್ನೊಂದು ವಾರ, "ಈ ಸಲ ಕಟಾವಿಗೆ ಆಳಿನ ಖರ್ಚು ಹಿಂದಿನ ವರ್ಷಕ್ಕಿಂತ ಎಷ್ಟು ಏರಿತ್ರಿ? ಹಿಂಗೇ ಏರಿದ್ರೆ ಮೂರು ವರ್ಷ ಬಿಟ್ಟು ಏನ್ ಮಾಡೋದ್ರಿ?" ನಾನು ಉತ್ತರ ಹೇಳುತ್ತೇನೆ, ಗೊತ್ತಿಲ್ಲದಿದ್ದರೆ ಯೋಚಿಸಿ ಮುಂದಿನ ವಾರ ಹೇಳುತ್ತೇನೆ. ಅವಳು ಬರೆದುಕೊಳ್ಳುತ್ತಾಳೆ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಸಭೆ ಅಂತ ಕರೆದಿದ್ದರೆ ಆ ದಿನಗಳಲ್ಲಿ ನಾನು ಹೋಗುತ್ತಲೇ ಇರಲಿಲ್ಲ. ಹೀಗೆ ಒಂದೊಂದೇ ಪ್ರಶ್ನೆ ಅಂತ ಮಾಡಿದ್ದರಿಂದಲೇ ನಮ್ಮ ಯೋಜನೆ ತುಂಬಿತು. ಆ ಹುಡುಗಿಗೆ ಎಷ್ಟು ಸಂಬಳ ಕೊಡುತ್ತಾರೋ ಗೊತ್ತಿಲ್ಲ, ಜಾಸ್ತಿ ಕೊಡಲಿ.

ಖರ್ಚು ಬರೆಯುವುದೂ ಸುಲಭ, ಬಾಯಲ್ಲಿ ಹೇಳಿದರೆ ಸಾಕು. ಹಮಾಲಿ, ಎಡೆ ಹೊಡೆಯೋದು, ರಾಶಿ ಮಷೀನ್ ಬಾಡಿಗೆ, ನಮ್ಮ ಮಾತೆಲ್ಲಾ ಅದಕ್ಕೆ ಅರ್ಥವಾಗುತ್ತದೆ. ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ಅದೊಂದು ತೊಂದರೆ.

ಇಲ್ಲಿಂದ ಮುಂದೆ ಬೇಜಾರಿನ ವಿಷಯ.

ಆ್ಯಪ್ ಹಿಂದಿನ ವರ್ಷದ ಧಾರಣೆಯನ್ನೇ ಮುಂದಿನ ಐದು ವರ್ಷಕ್ಕೂ ಎಳೆಯುತ್ತದೆ. 2024ರಲ್ಲಿ ಕಲಬುರಗಿ ಮಾರುಕಟ್ಟೆಯಲ್ಲಿ ತೊಗರಿ ಕ್ವಿಂಟಲ್‌ಗೆ 12 ಸಾವಿರ ದಾಟಿತ್ತಲ್ಲ, ಆಗ ನಮ್ಮ ಯೋಜನೆಯಲ್ಲಿ ಐದೂ ವರ್ಷ ಬಂಗಾರ. ಮುಂದಿನ ರಾಶಿ ಬರುವ ಹೊತ್ತಿಗೆ ಪೇಟೆ ಬೆಲೆ 7,550ರ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಮ್ಯಾನ್ಮಾರ್, ಮೊಜಾಂಬಿಕ್‌ನಿಂದ ಸುಂಕವಿಲ್ಲದೆ ತೊಗರಿ ಬರುವಾಗ ನಮ್ಮ ಧಾರಣೆ ನಮ್ಮ ಕೈಯಲ್ಲಿಲ್ಲ, ಇದನ್ನು ಯೋಜನೆ ಮಾಡಿಸುವವರು ಮೊದಲು ತಿಳಿದಿರಬೇಕು ಅಲ್ವಾ? ಈಗ ನಾನೂ ಆ ಹುಡುಗಿಯೂ ಸೇರಿ ಬೆಂಬಲ ಬೆಲೆಗಿಂತ ಐನೂರು ಕಡಿಮೆ ಹಾಕಿ ಎಲ್ಲಾ ವರ್ಷ ತಿದ್ದಿದ್ದೇವೆ. ಆ ಬೆಲೆಗೂ ಸಾಲದ ಕಂತು ಕಟ್ಟುವುದಕ್ಕಾಗುತ್ತದೆ ಅಂದರೆ ಮಾತ್ರ ಹೊಸ ಖರ್ಚು. ಮೇಲೆ ಬಂದಿದ್ದು ಬದು, ಕೃಷಿ ಹೊಂಡಕ್ಕೆ.

ಇದು ಕೈಯಲ್ಲಿ ತಿದ್ದಬಹುದಾದ ತಪ್ಪು. ಜಗಳ ಆಗಿದ್ದು ಇನ್ನೊಂದಕ್ಕೆ. ಆ್ಯಪ್‌ಗೆ ಮಾರಿದ ಕಾಳು ಮಾತ್ರ ಆದಾಯ. ಗೋದಾಮಿನಲ್ಲಿ ಇಟ್ಟ ಕಾಳು ಲೆಕ್ಕಕ್ಕೇ ಇಲ್ಲ.

2025ರಲ್ಲಿ ಬೆಂಬಲ ಬೆಲೆಯ ಮೇಲೆ ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 8,000 ಮಾಡಿತು. ಖರೀದಿ ಕೇಂದ್ರಕ್ಕೆ ಒಬ್ಬ ರೈತ ಕೊಡುವುದಕ್ಕೆ ಮಿತಿ ಇದೆ, ಅಷ್ಟು ಕೊಟ್ಟೆವು. ಉಳಿದದ್ದನ್ನು ಚೆನ್ನಾಗಿ ಒಣಗಿಸಿ, ತೇವ ನೋಡಿಸಿ ಗೋದಾಮಿಗೆ ಹಾಕಿದೆವು. ಮಾರ್ಚ್ 31ಕ್ಕೆ ಆ್ಯಪ್ ವರ್ಷ ಮುಗಿಸಿತು. ಬಿತ್ತನೆಯಿಂದ ಹಮಾಲಿವರೆಗೆ ಖರ್ಚೆಲ್ಲಾ ಈ ವರ್ಷಕ್ಕೆ, ಅರ್ಧ ಕಾಳಿನ ರೊಕ್ಕ ಮುಂದಿನ ವರ್ಷಕ್ಕೆ. ಕೆಂಪು ಅಕ್ಷರದಲ್ಲಿ "ನಷ್ಟ" ಅಂತ ಬಂತು.

ನಮ್ಮ ಐದು ವರ್ಷದ ಗುರಿ ಬೇಳೆ ಮಾಡುವ ಒಂದು ಸಣ್ಣ ಮಿಲ್. ಕಲಬುರಗಿ ತೊಗರಿ ಬೇಳೆಗೆ 2019ರಲ್ಲೇ ಜಿಐ ಗುರುತು, ಅಂದರೆ ಇದು ಈ ಸೀಮೆಯದೇ ಮಾಲು ಅನ್ನುವ ಗುರುತು, ಸಿಕ್ಕಿದೆ, ಆದರೂ ನಾವು ಕಾಳನ್ನೇ ಮಾರುತ್ತೇವೆ. ಕಿರು ಆಹಾರ ಘಟಕಗಳ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ 35%, ನಮ್ಮ ರಾಜ್ಯದ 15% ಸೇರಿ ನಾವು ಅರ್ಜಿ ಹಾಕಿದಾಗ ಅರ್ಧದಷ್ಟು ಸಹಾಯಧನ ಇತ್ತು, ಆದರೆ ಅದು ಬ್ಯಾಂಕ್ ಸಾಲದ ಜೊತೆಗೇ ಬರುತ್ತಿತ್ತು. ಈ ಆ್ಯಪ್‌ನ ವರದಿಯನ್ನೇ ಅರ್ಜಿ ಜೊತೆ ಇಟ್ಟಿದ್ದೆವು. ಬ್ಯಾಂಕಿನವರು ಮೊದಲು ಬೆರಳಿಟ್ಟಿದ್ದು ಆ ಕೆಂಪು ಅಕ್ಷರದ ಮೇಲೆ. ಗೋದಾಮಿನ ರಸೀದಿ ತಂದು, ಚೀಲದ ಲೆಕ್ಕ ತೋರಿಸಿ, ಇದು ನಷ್ಟ ಅಲ್ಲ, ಮಾರದೆ ಇಟ್ಟ ಮಾಲು ಅಂತ ನಾನೇ ಕೂತು ಬಿಡಿಸಿ ಹೇಳಬೇಕಾಯಿತು. ಅರ್ಜಿ ಮುಂದಕ್ಕೆ ಹೋಯಿತು, ಆದರೆ ತಡವಾಯಿತು.

ರೈತರಿಗೆ ಅಂತಲೇ ಮಾಡಿದ ಆ್ಯಪ್‌ನಲ್ಲಿ ದಾಸ್ತಾನಿಗೆ ಒಂದು ಖಾನೆ ಇಲ್ಲ ಅಂದರೆ ಹೇಗೆ? ರಾಶಿಯಾದ ಕೂಡಲೇ ಕಣದಿಂದಲೇ ಪೇಟೆ ದಲ್ಲಾಳಿಯ ಅಡತಿಗೆ ಹಾಕುವವರಿಗೆ ಇದು ಲಾಭ ತೋರಿಸುತ್ತದೆ, ಬೆಲೆಗೆ ಕಾಯುವವರಿಗೆ ನಷ್ಟ. ಹೊಸಬರು ಆ ಕೆಂಪು ಬಣ್ಣ ನೋಡಿ ಹೆದರಿ ಮಾರ್ಚ್‌ನಲ್ಲೇ ಮಾರಿದರೆ ಅದಕ್ಕೆ ಯಾರು ಹೊಣೆ? ಕಂಪನಿಯ ಆಫೀಸಿನಲ್ಲಿ ಇದನ್ನೇ ಕೇಳಿದೆ. "ಆ್ಯಪ್ ಮಾಡಿದವರಿಗೆ ಹೇಳ್ತೀವ್ರಿ" ಅಂದರು. ಇನ್ನೂ ಹೇಳುತ್ತಲೇ ಇದ್ದಾರೆ. ಸದ್ಯಕ್ಕೆ ನಾನು ಉಳಿದ ಚೀಲಗಳನ್ನು ಒಂದು ಉದ್ದ ನೋಟ್‌ಬುಕ್ಕಿನಲ್ಲಿ, ಆ ಹಂಗಾಮಿನ ಬೆಂಬಲ ಬೆಲೆಗೆ ಗುಣಿಸಿ ಬೇರೆ ಬರೆದಿಡುತ್ತಿದ್ದೇನೆ. ವರದಿ ಯಾರಿಗಾದರೂ ಕೊಡುವಾಗ ಆ ಹಾಳೆಯ ಜೆರಾಕ್ಸ್ ಜೊತೆಗೇ ಹೋಗುತ್ತದೆ. ನೀವು ಈ ಸೇವೆ ತಗೊಂಡಿದ್ದರೆ ಇದನ್ನು ಇವತ್ತೇ ಶುರು ಮಾಡಿ.

ಬಿಡುವ ಮನಸ್ಸಿಲ್ಲ. ನಕ್ಷೆಗೂ ಆ ಸಂಜೆಯ ಕರೆಗೂ 1,200 ಕೊಡಬಹುದು. ಐದಾರು ಎಕರೆಗಿಂತ ಕಡಿಮೆ ಇರುವವರು ಇಬ್ಬರು ಮೂವರು ಸೇರಿ ಒಂದೇ ಖಾತೆ ಮಾಡಿಸಿದರೂ ನಡೆಯುತ್ತದೆ, ಕಂಪನಿಯವರು ಬೇಡ ಅನ್ನುವುದಿಲ್ಲ. ಈ ವರ್ಷದ ಶುಲ್ಕ ಕಟ್ಟಿ ಬಂದಿದ್ದೇನೆ. ಕಟ್ಟುವಾಗ ರಸೀದಿ ಪುಸ್ತಕದ ಪಕ್ಕದಲ್ಲೇ ಒಂದು ಅರ್ಜಿ ಬರೆದು ಕೊಟ್ಟೆ, ನಮ್ಮೂರಿನ ಸದಸ್ಯರೆಲ್ಲಾ ಸಹಿ ಹಾಕಿದ್ದಾರೆ: ಬರುವ ಮಾರ್ಚ್ ಒಳಗೆ ದಾಸ್ತಾನಿನ ಖಾನೆ ಬರಬೇಕು, ಇಲ್ಲದಿದ್ದರೆ ನಮಗೆ ಕರೆ ಮಾತ್ರ ಸಾಕು, ಆ್ಯಪ್‌ನ ದುಡ್ಡು ಕಡಿಮೆ ಮಾಡಿ.