ಬಿದಿರು-ಮಣ್ಣಿನ ರೆಡಿಮೇಡ್ ಅತಿಥಿ ಕೋಣೆಗೆ ಮುಂಗಡ ಕೊಡುವ ಮುನ್ನ ಇದನ್ನೊಮ್ಮೆ ಓದಿ

ಬೆಳಿಗ್ಗೆ ಹಾಸಿಗೆ ಸರಿಮಾಡಲು ಹೋದಾಗ ದಿಂಬಿನ ಮೇಲೆ ತಿಳಿ ಹಳದಿ ಪುಡಿ ಬಿದ್ದಿತ್ತು. ಬೆರಳಲ್ಲಿ ಉಜ್ಜಿದರೆ ಹಿಟ್ಟಿನಷ್ಟು ನಯ. ಧೂಳಿರಬೇಕು ಅಂದುಕೊಂಡು ಕೊಡವಿದೆ. ಮರುದಿನ ಅದೇ ಜಾಗದಲ್ಲಿ ಮತ್ತೆ ಅಷ್ಟೇ ಪುಡಿ. ತಲೆಯೆತ್ತಿ ನೋಡಿದರೆ ಬಿದಿರಿನ ತೊಲೆಯ ತುಂಬ ಗುಂಡುಸೂಜಿ ತಲೆಯಷ್ಟು ತೂತುಗಳು. ಅಲ್ಲಿ ತಂಗಿದ್ದ ಹಿರಿಯರೊಬ್ಬರು ಹೊರಡುವಾಗ, "ರಾತ್ರಿಯೆಲ್ಲ ಮೇಲೆ ಏನೋ ಕರಕರ ಅಂತಿತ್ತು, ಒಮ್ಮೆ ನೋಡಿಸಿ" ಅಂತ ಮೆಲ್ಲಗೆ ಹೇಳಿ ಹೋದರು.

ಕೋಣೆ ನಿಂತು ಆಗಿನ್ನೂ ವರ್ಷ ತುಂಬಿರಲಿಲ್ಲ.

ಕಾರ್ಖಾನೆಯಲ್ಲಿ ಮಾಡಿದ ಗೋಡೆ, ಚಾವಣಿ, ನೆಲದ ತುಂಡುಗಳನ್ನು ತಂದು ಜೋಡಿಸಿ ನಿಲ್ಲಿಸುವ ಎರಡು ಅತಿಥಿ ಕೋಣೆಗಳನ್ನು ಒಂದು ಸಂಸ್ಥೆಯಿಂದ ಮಾಡಿಸಿಕೊಂಡಿದ್ದೆ. ಬಿದಿರಿನ ಚೌಕಟ್ಟು, ಮಣ್ಣು-ಹುಲ್ಲು ತುಂಬಿದ ಗೋಡೆ, ಸುಣ್ಣದ ಗಾರೆ, ಎಲ್ಲವೂ ಸ್ಥಳೀಯ, ಯಾವ ಭಾಗ ಕೆಟ್ಟರೂ ಅದೊಂದನ್ನೇ ಬಿಚ್ಚಿ ಬದಲಾಯಿಸಬಹುದು ಅಂತ ಮಾತು. ಮಣ್ಣು, ಬಿದಿರು ಅಂದರೆ ನನಗೆ ಮೊದಲಿನಿಂದಲೂ ಪ್ರೀತಿ. ಇವತ್ತಿಗೂ ಇದೆ. ಅದಕ್ಕೇ ಈ ಬರಹ. ಕೆಟ್ಟ ಕೆಲಸ ನೋಡಿದವರು ಮಣ್ಣನ್ನೇ ದೂರುತ್ತಾರೆ, ಅದು ನನಗೆ ಸಹಿಸಲಾಗದ ಸಂಗತಿ.

ಮೊದಲು ಬಿದಿರಿನ ವಿಷಯ. ಬಿದಿರಿನೊಳಗೆ ಪಿಷ್ಟ ಇರುತ್ತದೆ, ಕೊರೆಯುವ ಹುಳಕ್ಕೆ ಅದೇ ಆಹಾರ. ಎಳೆ ಬಿದಿರು ಕಡಿದರೆ ಹುಳದ ಕಾಟ ಹೆಚ್ಚು. ಕಟ್ಟಡಕ್ಕೆ ಕನಿಷ್ಠ 3 ವರ್ಷ ಬಲಿತದ್ದೇ ಬೇಕು, ಅದನ್ನೂ ಸಂಸ್ಕರಿಸಬೇಕು. ಎಲ್ಲೆಡೆ ಬಳಕೆಯಲ್ಲಿರುವ ವಿಧಾನವೆಂದರೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಬೆರೆಸಿದ ನೀರಿನಲ್ಲಿ ನೆನೆಹಾಕುವುದು. ಗಿಣ್ಣುಗಳ ಒಳತಡಿಕೆಗೆ ತೂತು ಕೊರೆದು ದ್ರಾವಣ ಒಳಗೆ ಹೋಗುವಂತೆ ಮಾಡಿ, ದಿನಗಟ್ಟಲೆ ಮುಳುಗಿಸಿಡಬೇಕು. ಬಿದಿರಿನ ಹೊರಸಿಪ್ಪೆ ಏನನ್ನೂ ಒಳಬಿಡುವುದಿಲ್ಲ, ಹಾಗಾಗಿ ಬ್ರಷ್‌ನಲ್ಲಿ ಹಚ್ಚಿದರೆ ಪ್ರಯೋಜನವಿಲ್ಲ. ನನ್ನ ಕೋಣೆಗೆ ಹಚ್ಚಿದ್ದು ಬರೀ ವಾರ್ನಿಷ್.

ಒಳಗೆ ಹುಳದ ಆಹಾರವಾದ ಪಿಷ್ಟ ಇದೆಯೆಂದು ನನಗೆ ಗೊತ್ತಾದ ಬಗೆ ಹೇಳುತ್ತೇನೆ, ನೀವೂ ಮಾಡಿ ನೋಡಬಹುದು. ಉಳಿದಿದ್ದ ಒಂದು ತುಂಡನ್ನು ಗರಗಸದಲ್ಲಿ ಕೊಯ್ದು, ಹೊಸ ಕೊಯ್ತದ ಮೇಲೆ ಗಾಯಕ್ಕೆ ಹಚ್ಚುವ ಅಯೋಡಿನ್ ನಾಲ್ಕು ಹನಿ ಬಿಟ್ಟೆ. ನೋಡುತ್ತಿದ್ದಂತೆ ಕಂದು ಬಣ್ಣ ಕಡುನೀಲಿಯಾಗಿ, ಆಮೇಲೆ ಕಪ್ಪಾಯಿತು. ಒಳಗೆ ಪಿಷ್ಟ ಹಾಗೇ ಇದೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೇ? ಸಂಸ್ಕರಣೆ ಆಗಿದೆಯೇ, ಅಂದರೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್‌ನಲ್ಲಿರುವ ಬೋರಾನ್ ಒಳಗೆ ಹೊಕ್ಕಿದೆಯೇ ಎಂದು ನೋಡಲು ಬೇರೆ ಪರೀಕ್ಷೆಯಿದೆ. ಅರಿಶಿನದ ಸಾರ ಹಚ್ಚಿ ಮೇಲೆ ಆಮ್ಲದ ದ್ರಾವಣ ಹಾಕಿದರೆ ಬೋರಾನ್ ಇದ್ದ ಕಡೆ ಕೆಂಪಾಗುತ್ತದೆ. ಆಮ್ಲದ ಕೆಲಸ ಮನೆಯಲ್ಲಿ ಬೇಡ, ಮಾರುವವರಿಂದಲೇ ನಿಮ್ಮೆದುರು ಮಾಡಿಸಿ. ಕೊಯ್ತದ ಮಧ್ಯದವರೆಗೂ ಕೆಂಪಾಗಬೇಕು, ಅಂಚಿನಲ್ಲಿ ಮಾತ್ರ ಆದರೆ ಸಾಲದು. ಇನ್ನೊಂದು ಮಾತು: ಬೋರಾನ್ ನೀರಿನಲ್ಲಿ ಕರಗುತ್ತದೆ. ಸಂಸ್ಕರಿಸಿದ ಬಿದಿರಾದರೂ ನೇರ ಮಳೆಗೆ ಸಿಕ್ಕರೆ ಅದು ತೊಳೆದುಹೋಗುತ್ತದೆ. ಬಿದಿರಿನ ರಚನೆಗೆ ಐಎಸ್‌ಒ 22156 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ, 2021ರಲ್ಲಿ ಪರಿಷ್ಕರಿಸಿದ್ದಾರೆ. ಅದರ ಹೆಸರು ಹೇಳಿದಾಗ ನಮ್ಮ ಮಾರಾಟಗಾರರು ಮಾತೇ ಬದಲಿಸಿದರು.

ಗೋಡೆಯದು ಇನ್ನೊಂದು ನೋವು. ಸುಣ್ಣದ ಗಾರೆ ಅಂದಿದ್ದರಲ್ಲ, ಹೊರಗೆ ಬಳಿದಿದ್ದು ಸಿಮೆಂಟು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುವಂಥದ್ದು, ದಿನಗಟ್ಟಲೆ ತೇವ ಆರದಂತೆ ಕಾಯಬೇಕು. ಅಷ್ಟು ಪುರಸೊತ್ತು ಅವರಿಗಿರಲಿಲ್ಲ. ಮಣ್ಣಿನ ಗೋಡೆ ತೇವ ಹೀರುತ್ತದೆ, ಬಿಡುತ್ತದೆ, ಜೊತೆಗೆ ಚೂರು ಹಿಗ್ಗಿ ಕುಗ್ಗುತ್ತದೆ. ಮೇಲಿನ ಸಿಮೆಂಟು ಅದಕ್ಕೆ ಬಗ್ಗದೆ ಸೀಳುಬಿಟ್ಟಿತು. ಸೀಳಿನಲ್ಲಿ ಇಳಿದ ನೀರಿಗೆ ಆರಲು ದಾರಿಯಿಲ್ಲ. ಒಂದು ದಿನ ಕಿಟಕಿಯ ಕೆಳಗೆ ಕೈಯೂರಿದೆ, ಅಂಗೈ ಅಗಲದ ಹೆಕ್ಕಳೆ ಕಳಚಿ ಕೈಗೇ ಬಂತು. ಅದರ ಹಿಂದೆ ಮಣ್ಣು ಕೆಸರಾಗಿತ್ತು, ಹುಲ್ಲು ಕಪ್ಪಾಗಿ ಕೊಳೆತ ವಾಸನೆ ಹೊಡೆಯುತ್ತಿತ್ತು.

ಆದರೆ ನೀರು ಅಷ್ಟೊಂದು ಬಂದದ್ದು ಬರೀ ಆ ಸೀಳಿನಿಂದಲ್ಲ, ತುಂಡುಗಳ ಸಂದಿನಿಂದ. ಜೋಡಿಸುವ ಮನೆಗಳಲ್ಲಿ ಎಲ್ಲರೂ ನೋಡುವುದು ಗೋಡೆಯನ್ನು, ನೋಡಬೇಕಾದದ್ದು ಎರಡು ಗೋಡೆ ಸೇರುವ ಜಾಗವನ್ನು. ನಮ್ಮದರಲ್ಲಿ ಚಾವಣಿಯ ಎರಡು ತುಂಡುಗಳ ನಡುವೆ ಸಿಲಿಕೋನ್ ತುಂಬಿ ಬಿಟ್ಟಿದ್ದರು. ಬಿದಿರು ಒಣಗುತ್ತಾ ಕುಗ್ಗಿತು, ಬೋಲ್ಟುಗಳು ಸಡಿಲವಾದವು, ಸಿಲಿಕೋನ್ ಒಂದು ಬದಿ ಬಿಟ್ಟುಕೊಂಡಿತು. ಅಲ್ಲಿ ಒಂದರ ಮೇಲೊಂದು ಹೊದ್ದುಕೊಳ್ಳುವ ತಗಡಿನ ಪಟ್ಟಿ ಇರಬೇಕಿತ್ತು. ಇಲ್ಲವೇ ಎಲ್ಲ ತುಂಡುಗಳನ್ನೂ ಮುಚ್ಚುವ ಒಂದೇ ಮಾಡು, ಗೋಡೆಯಿಂದ ಸಾಕಷ್ಟು ಹೊರಚಾಚಿದ ಸೂರು ಇರಬೇಕಿತ್ತು. ಅಂಟನ್ನು ನಂಬಿ ಮಳೆ ತಡೆಯುತ್ತೇನೆ ಅನ್ನುವವರನ್ನು ದಯವಿಟ್ಟು ನಂಬಬೇಡಿ.

ಬಿಚ್ಚಿ ಬದಲಾಯಿಸುವ ಮಾತೂ ಅಲ್ಲೇ ಮುರಿದುಬಿತ್ತು. ಬೋಲ್ಟುಗಳು ಗಾರೆಯೊಳಗೆ ಹುದುಗಿದ್ದವು, ಗಾರೆಯನ್ನು ಸಂದೇ ಕಾಣದಂತೆ ಮೂರು ತುಂಡುಗಳ ಮೇಲೆ ಒಟ್ಟಿಗೆ ಬಳಿದಿದ್ದರು. ಒಂದನ್ನು ತೆಗೆಯಲು ಮೂರನ್ನೂ ಒಡೆಯಬೇಕಾಯಿತು. ಕೊಳ್ಳುವ ಮುಂಚೆ ಅವರು ಈಗಾಗಲೇ ನಿಲ್ಲಿಸಿರುವ ಕೋಣೆಯೊಂದಕ್ಕೆ ಹೋಗಿ, ಒಂದು ತುಂಡನ್ನು ಬಿಚ್ಚಿ ಮತ್ತೆ ಕೂರಿಸಿ ತೋರಿಸಿ ಅಂತ ಕೇಳಿ. ಹಾಗೆಯೇ ಎರಡು ಮಳೆಗಾಲ ಕಂಡ ಕೋಣೆಯನ್ನೇ ತೋರಿಸಲು ಹೇಳಿ. ನನಗೆ ತೋರಿಸಿದ್ದು ಆ ತಿಂಗಳು ನಿಲ್ಲಿಸಿದ್ದು.

ದೂರು ಕೊಟ್ಟಾಗ ಅವರು ಒಪ್ಪಂದದ ಒಂದು ಸಾಲು ತೋರಿಸಿದರು: ನೈಸರ್ಗಿಕ ವಸ್ತುಗಳಲ್ಲಿ ಸಹಜವಾಗಿ ಆಗುವ ಬದಲಾವಣೆಗಳಿಗೆ ಗ್ಯಾರಂಟಿ ಅನ್ವಯಿಸದು. ಹುಳ, ಬೂಷ್ಟು, ಬಿರುಕು, ಎಲ್ಲವನ್ನೂ ಆ ಒಂದು ಸಾಲಿನೊಳಗೆ ಸೇರಿಸಿಬಿಟ್ಟರು. ಸಹಿ ಹಾಕುವಾಗ ಅದನ್ನು ಓದಿದ್ದೆ, ಬಣ್ಣ ಮಾಸುವ ವಿಷಯ ಇರಬೇಕು ಅಂದುಕೊಂಡಿದ್ದೆ. ನಿಮ್ಮ ಒಪ್ಪಂದದಲ್ಲಿ ಇಂಥ ಸಾಲಿದ್ದರೆ ಹೊಡೆಸಿಹಾಕಿ. ಹುಳ ಬಿದ್ದರೆ ಯಾರ ಹೊಣೆ, ಸಂದು ಸೋರಿದರೆ ಯಾರ ಹೊಣೆ ಅಂತ ಬೇರೆ ಬೇರೆಯಾಗಿ ಬರೆಸಿ.

ಒಂದು ಕೋಣೆಯನ್ನು ಪೂರ್ತಿ ಕೆಡವಿದೆ. ಹುಳ ಬಿದ್ದ ಬಿದಿರನ್ನು ಸುಟ್ಟೆವು. ಗೋಡೆಯ ಮಣ್ಣನ್ನು ಮಾತ್ರ ಒಂದು ಕಡೆ ರಾಶಿ ಹಾಕಿ ಮುಚ್ಚಿಟ್ಟಿದ್ದೇನೆ, ಅದಕ್ಕೇನೂ ಆಗಿಲ್ಲ. ನೆನೆಸಿ ತುಳಿದರೆ ಮತ್ತೆ ಗೋಡೆಯಾಗುತ್ತದೆ. ಇನ್ನೊಂದು ಕೋಣೆಯ ಸಿಮೆಂಟು ಕೆತ್ತಿಸಿ, ಮೇಲೆ ದೊಡ್ಡ ಸೂರಿನ ಮಾಡು ಹೊದಿಸುವ ಕೆಲಸ ನಡೆದಿದೆ. ಅಲ್ಲಿಯವರೆಗೆ ಅತಿಥಿಗಳನ್ನು ಯಾರನ್ನೂ ಇಳಿಸುತ್ತಿಲ್ಲ.